ಮೇಜಿನ ಮೇಲೆ ಬಿದನೂರು: ಕಿರುಬೊಂಬೆಗಳ ಭೌತವಿಜ್ಞಾನ

ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, 2002ರಲ್ಲಿ ಹಳೆಯ ಬಾವಿಯೊಂದರಿಂದ ಸುಮಾರು 160 ಕಬ್ಬಿಣದ ಕೊಳವೆಗಳು ಹೊರಬಂದವು. ಅವು ಹೈದರ್ ಮತ್ತು ಟಿಪ್ಪು ಕಾಲದ ಯುದ್ಧರಾಕೆಟ್ಟುಗಳು. 2018ರಲ್ಲಿ ಪುರಾತತ್ತ್ವ ಇಲಾಖೆ ನಗರದ ಬಾವಿಯಲ್ಲಿ ಉತ್ಖನನ ನಡೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಉದ್ದ 23ರಿಂದ 26 ಸೆಂ.ಮೀ.; ಒಳಗೆ ಸಿಡಿಮದ್ದಿನ ಪುಡಿ ಇನ್ನೂ ಉಳಿದಿತ್ತು.

ಇವನ್ನು ಹಾರಿಸುತ್ತಿದ್ದವರು ಹೇಗೆ ಸಾಲುಗಟ್ಟಿ ನಿಲ್ಲುತ್ತಿದ್ದರು, ಎದುರಾಳಿ ಎಷ್ಟು ದೂರದಲ್ಲಿರುತ್ತಿದ್ದ, ನಡುವೆ ಕೋಟೆಗೋಡೆ ಇದ್ದರೆ ಏನಾಗುತ್ತಿತ್ತು ಎಂಬುದನ್ನು ತರಗತಿಯಲ್ಲಿ ತೋರಿಸುವುದು ಹೇಗೆ? ಕರಿಹಲಗೆಯ ಮೇಲೆ ಬಾಣದ ಗುರುತು ಎಳೆದರೆ ಸಾಲದು. ಅಳತೆಗೆ ತಕ್ಕಂತೆ ಮಾಡಿ ಬಣ್ಣ ಹಚ್ಚಿದ ಕಿರುಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ನಿಯಮಬದ್ಧವಾಗಿ ಆಡುವ ಐತಿಹಾಸಿಕ ಯುದ್ಧದಾಟ ಒಂದು ದಾರಿ. ಯೂರೋಪು, ಅಮೆರಿಕಗಳಲ್ಲಿ ಇದು ದೊಡ್ಡ ಹವ್ಯಾಸ. ನಮಗೂ ಪೂರ್ತಿ ಹೊಸದಲ್ಲ. ನಾಲ್ಕು ಅಂಗಗಳ ಸೈನ್ಯವನ್ನು ಮಣೆಯ ಮೇಲೆ ತಂದ ಚತುರಂಗ ಇಲ್ಲಿಯದೇ. ನವರಾತ್ರಿಯ ಬೊಂಬೆಸಾಲಿನಲ್ಲಿ ಸಿಪಾಯಿಗಳನ್ನು ನಿಲ್ಲಿಸುವ ಮನೆಗಳೂ ಇವೆ. ಆದರೆ ಚತುರಂಗಕ್ಕೆ ಅಳತೆಯ ಹಂಗಿಲ್ಲ. ಭೂಪಟದ ಅಳತೆಗೆ ಕಟ್ಟುಬಿದ್ದ ಆಟವನ್ನು 1824ರಲ್ಲಿ ಪ್ರಷ್ಯದ ಸೈನ್ಯಕ್ಕೆ ಕೊಟ್ಟವನು ರೈಸ್‌ವಿಟ್ಸ್ ಎಂಬ ಅಧಿಕಾರಿ. ಅವನ ಭೂಪಟ 1:8000 ಪ್ರಮಾಣದ್ದು. ಆಟಿಕೆ ಸೈನಿಕರನ್ನು ಬಳಸಿ ಮನೆಯಲ್ಲಿ ಆಡುವ ನಿಯಮಗಳನ್ನು ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಹವ್ಯಾಸಿಗಳು ಹೇಳುವ ಕೈಚಳಕಗಳ ಹಿಂದೆಲ್ಲ ಒಂದೇ ಸಂಗತಿ ಇದೆ. ವಸ್ತುವಿನ ಉದ್ದವನ್ನು ಕುಗ್ಗಿಸಿದಾಗ ಉಳಿದ ಗುಣಗಳು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಕೆಲವಂತೂ ಕುಗ್ಗುವುದೇ ಇಲ್ಲ.

ಎಷ್ಟು ಕುಗ್ಗಿತು?

ಬಹಳ ಬಳಕೆಯ ಪ್ರಮಾಣ 1:72. 172 ಸೆಂ.ಮೀ. ಎತ್ತರದ ಸೈನಿಕ ಇದರಲ್ಲಿ ಸುಮಾರು 24 ಮಿ.ಮೀ. ಆಗುತ್ತಾನೆ. ಅವನ ಮೇಲ್ಮೈ ವಿಸ್ತೀರ್ಣ 72ರ ವರ್ಗದಷ್ಟು, ಅಂದರೆ 5184 ಪಟ್ಟು ಕಡಿಮೆ. ಗಾತ್ರ 72ರ ಘನದಷ್ಟು, ಅಂದರೆ 3,73,248 ಪಟ್ಟು ಕಡಿಮೆ. 65 ಕಿ.ಗ್ರಾಂ. ತೂಗುವವನು ಅದೇ ಸಾಂದ್ರತೆಯ ಬೊಂಬೆಯಾದರೆ ತೂಕ 0.17 ಗ್ರಾಂ, ತವರದಲ್ಲಿ ಎರಕ ಹೊಯ್ದರೂ ಒಂದೂಕಾಲು ಗ್ರಾಂ ಅಷ್ಟೆ. ಫ್ಯಾನಿನ ಗಾಳಿಗೆ ಪ್ಲಾಸ್ಟಿಕ್ ಸೈನಿಕ ಏಕೆ ಉರುಳುತ್ತಾನೆಂದು ಈಗ ತಿಳಿಯಿತಲ್ಲ! ಗಾಳಿಯ ನೂಕು ವಿಸ್ತೀರ್ಣವನ್ನೂ ನಿಲ್ಲಿಸುವ ತೂಕ ಗಾತ್ರವನ್ನೂ ಅವಲಂಬಿಸಿದೆ. ಆದ್ದರಿಂದಲೇ ಬೊಂಬೆಯ ಕಾಲಡಿಗೆ ಅಗಲವಾದ ಪೀಠ ಅಂಟಿಸುವುದು.

ಬಣ್ಣದ ಪದರವಂತೂ ಕುಗ್ಗುವುದೇ ಇಲ್ಲ. ಕುಂಚದಿಂದ ದಪ್ಪವಾಗಿ ಬಳಿದ ಪದರ 0.1 ಮಿ.ಮೀ. ಇದ್ದರೆ, ಸೈನಿಕನ ಲೆಕ್ಕದಲ್ಲಿ ಅದು 7 ಮಿ.ಮೀ.ಗಿಂತ ದಪ್ಪ. ಮೂರು ಬಾರಿ ಬಳಿದರೆ ಅವನ ಮುಖಕ್ಕೆ ಎರಡು ಸೆಂ.ಮೀ. ಗಾರೆ ಮೆತ್ತಿದಂತೆ. ಮೂಗು, ಬೆರಳು, ಗುಂಡಿಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಒಣಗಿದ ಮೇಲೆ ಇನ್ನೊಂದು ಪದರ ಕೊಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಕಣ್ಣಿಗೆ ಕಾಣುವುದೆಷ್ಟು?

ಮೇಜಿನ ಮೇಲಿನ ಬೊಂಬೆಯನ್ನು ನೀವು ಸುಮಾರು 60 ಸೆಂ.ಮೀ. ದೂರದಿಂದ ನೋಡುತ್ತೀರಿ. 1:72 ಪ್ರಮಾಣದಲ್ಲಿ ಇದು 43 ಮೀಟರು ಆಚೆ ನಿಂತ ಮನುಷ್ಯನನ್ನು ನೋಡಿದಂತೆ. ಒಳ್ಳೆಯ ದೃಷ್ಟಿಯ ಕಣ್ಣು ಸುಮಾರು ಒಂದು ಮಿನಿಟು ಕೋನದಷ್ಟು, ಅಂದರೆ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು, ಅಂತರದ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲುದು. 60 ಸೆಂ.ಮೀ. ದೂರದಲ್ಲಿ ಇದು 0.17 ಮಿ.ಮೀ.; 43 ಮೀಟರಿನಲ್ಲಿ ಸುಮಾರು 12 ಮಿ.ಮೀ. ನಮ್ಮ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವೃತ್ತದ ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 43 ಮೀಟರು ದೂರದವನ ಕಣ್ಣು ನಿಮಗೆ ಒಂದು ಮಸಕು ಗೆರೆಯಾಗಿ ಮಾತ್ರ ಕಂಡೀತು. ಬೊಂಬೆಗೆ ಬಿಳಿ ಗುಡ್ಡೆ, ಕರಿ ಪಾಪೆ ಬರೆಯಲು ಹೊರಟವರ ಸೈನಿಕರೆಲ್ಲ ಬೆಚ್ಚಿಬಿದ್ದಂತೆ ಕಾಣುವ ಕಾರಣ ಇದೇ. ಕಣ್ಣಿನ ಜಾಗದಲ್ಲಿ ಒಂದು ಕಡು ನೆರಳು ಇಟ್ಟರೆ ಸಾಕು.

ಟಿಪ್ಪುವಿನ ಪಡೆಯ ಉಡುಪಿನಲ್ಲಿ ಹುಲಿಪಟ್ಟೆಯ ಮಾದರಿ ಪ್ರಸಿದ್ಧ. ಪಟ್ಟೆಯೊಂದು 2 ಸೆಂ.ಮೀ. ಅಗಲವಿತ್ತು ಎಂದುಕೊಳ್ಳಿ. ಬೊಂಬೆಯಲ್ಲಿ ಅದು 0.28 ಮಿ.ಮೀ. ಕಣ್ಣು ಇದನ್ನು ಗುರುತಿಸಬಲ್ಲುದು, ಆದರೆ ಸಾಮಾನ್ಯರ ಕೈಯಲ್ಲಿರುವ ಕುಂಚ ಅದನ್ನು ಹತ್ತು ಬಾರಿ ತಪ್ಪದೆ ಎಳೆಯಲಾರದು. ಆಗ ಪಟ್ಟೆಗಳ ಸಂಖ್ಯೆ ಇಳಿಸಿ ಅಗಲ ಹೆಚ್ಚಿಸಬೇಕು. ಅಳತೆಗೆ ಇದು ತಪ್ಪಾದರೂ ನೋಟಕ್ಕೆ ಸರಿ. ಯಕ್ಷಗಾನ ನೋಡುವ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೌಕಿಯಲ್ಲಿ ಹತ್ತಿರದಿಂದ ನೋಡಿದರೆ ವೇಷದ ಮುಖದ ಗೆರೆಗಳು ಅತಿಯಾಗಿ ಕಾಣುತ್ತವೆ. ದೊಂದಿಯ ಮಂದ ಬೆಳಕಿನಲ್ಲಿ, ಕೊನೆಯ ಸಾಲಿನಲ್ಲಿ ಕುಳಿತವನಿಗೆ ಹುಬ್ಬು ಹುಬ್ಬಾಗಿ ಕಾಣಬೇಕಾದರೆ ಆ ಅತಿಯೇ ಬೇಕು.

ಬೊಂಬೆಗೆ ಮೂಲ ಉಡುಪಿಗಿಂತ ತಿಳಿಯಾದ, ಉಜ್ವಲವಾದ ಬಣ್ಣ ಹಚ್ಚಬೇಕೆಂಬ ಸಲಹೆಯೂ ಉಂಟು. ನಡುವಿನ ಗಾಳಿ ಬಣ್ಣವನ್ನು ಮಸುಕಾಗಿಸುತ್ತದೆ, ಅದನ್ನು ಅನುಕರಿಸಬೇಕು ಎಂದು ಕೆಲವರು ಕಾರಣ ಕೊಡುತ್ತಾರೆ. ಲೆಕ್ಕ ಹಾಕಿ ನೋಡೋಣ. ವಸ್ತುವಿನ ಎದ್ದುಕಾಣುವಿಕೆ ಶೇ. 2ಕ್ಕೆ ಇಳಿಯುವ ದೂರವನ್ನು ನೋಟದೂರ ಎನ್ನುತ್ತಾರೆ. ಶುಭ್ರ ಹಗಲಿನಲ್ಲಿ ಅದು 20 ಕಿ.ಮೀ. ಇದ್ದರೆ, 43 ಮೀಟರಿನಲ್ಲಿ ಆಗುವ ನಷ್ಟ ಶೇ. 1ಕ್ಕಿಂತ ಕಡಿಮೆ. ಆದ್ದರಿಂದ ಆ ವಿವರಣೆ ನಿಲ್ಲದು. ಆಗುಂಬೆಯ ಮಳೆಗಾಲದ ಮಂಜಿನಲ್ಲಿ ನೋಟದೂರ 200 ಮೀಟರಿಗೆ ಇಳಿದ ದಿನ ಮಾತ್ರ ಮಾತು ಬೇರೆ. ಆಗ ಉಳಿಯುವುದು ಶೇ. 43 ಅಷ್ಟೆ. ಮಂಜಿನ ಕಾಳಗವನ್ನೇ ತೋರಿಸುವುದಾದರೆ ಬಣ್ಣಕ್ಕೆ ಬೂದುಬಿಳಿ ಬೆರೆಸಿ.

ಹಾಗಾದರೆ ತಿಳಿಬಣ್ಣ ಏಕೆ ಚೆನ್ನಾಗಿ ಕಾಣುತ್ತದೆ? ನಿಜವಾದ ಕಾರಣ ಕೋಣೆಯ ಬೆಳಕು. ನಡುಹಗಲ ಬಿಸಿಲಿನಲ್ಲಿ ದೀಪನ ಸುಮಾರು ಒಂದು ಲಕ್ಷ ಲಕ್ಸ್. ಟ್ಯೂಬ್‌ಲೈಟಿನ ಕೋಣೆಯಲ್ಲಿ ಕೆಲವು ನೂರು. ಬೆಳಕು ಕಡಿಮೆಯಾದಂತೆ ಅದೇ ಕೆಂಪು ನಮಗೆ ಕಡಿಮೆ ಕೆಂಪಾಗಿ ತೋರುತ್ತದೆ. ಇದಕ್ಕೆ ಹಂಟ್ ಪರಿಣಾಮ ಎಂದು ಹೆಸರು. ಜೊತೆಗೆ, ಬಾನಿನಲ್ಲಿ ಸೂರ್ಯನ ಅಗಲ ಬರಿಯ ಅರ್ಧ ಡಿಗ್ರಿ. ಒಂದೂವರೆ ಮೀಟರು ಮೇಲಿರುವ ನಾಲ್ಕಡಿ ಟ್ಯೂಬಿನ ಉದ್ದ 44 ಡಿಗ್ರಿಯಷ್ಟು ವ್ಯಾಪಿಸಿರುತ್ತದೆ. ಇಷ್ಟು ಹರಡಿದ ಬೆಳಕಿನಲ್ಲಿ ಅಂಗಿಯ ಮಡಿಕೆಗಳಿಗೆ ಚೂಪಾದ ನೆರಳೇ ಬೀಳುವುದಿಲ್ಲ. ಬಿಸಿಲು ಕೊಡಬೇಕಾದ ನೆರಳನ್ನು ಕುಂಚ ಕೊಡಬೇಕಾಗುತ್ತದೆ.

ನೆರಳು ತಾನೇ ಕೂರುತ್ತದೆ

ಈ ನೆರಳನ್ನು ಒಂದೊಂದಾಗಿ ಬರೆಯುತ್ತ ಕುಳಿತರೆ ಪಟಾಲಮ್ಮು ಮುಗಿಯುವಷ್ಟರಲ್ಲಿ ವರ್ಷ ಕಳೆದೀತು. ಇಲ್ಲಿ ಕುಗ್ಗಿದ ಅಳತೆಯೇ ನೆರವಿಗೆ ಬರುತ್ತದೆ. ನೀರಿನ ಮೇಲೆ ಗುರುತ್ವ ಮತ್ತು ಮೇಲ್ಮೈ ಎಳೆತ ಎರಡರ ಪ್ರಭಾವವೂ ಸಮವಾಗುವ ಅಳತೆ ಸುಮಾರು 2.7 ಮಿ.ಮೀ. ಅದಕ್ಕಿಂತ ಚಿಕ್ಕ ಸಂದುಗಳಲ್ಲಿ ಮೇಲ್ಮೈ ಎಳೆತದ್ದೇ ಕೈಮೇಲು. ಬೊಂಬೆಯ ಮಡಿಕೆಗಳೆಲ್ಲ ಒಂದು ಮಿ.ಮೀ.ಗಿಂತ ಕಿರಿದು. ಮೊದಲು ಮೂಲ ಬಣ್ಣ ಬಳಿದು ಒಣಗಿಸಿ, ಮೇಲೆ ತುಂಬ ತೆಳುವಾದ ಕಡುಕಂದು ಬಣ್ಣದ ನೀರನ್ನು ಹರಿಯಬಿಟ್ಟರೆ, ಅದು ಉಬ್ಬುಗಳಿಂದ ಸರಿದು ತಗ್ಗುಗಳಲ್ಲಿ ತಾನೇ ಸೇರಿಕೊಳ್ಳುತ್ತದೆ. ಬೊಂಬೆಯನ್ನು ತಲೆಕೆಳಗಾಗಿ ಹಿಡಿದರೂ ಅಲ್ಲೇ ನಿಲ್ಲುತ್ತದೆ. ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಪ್ರಯೋಗ. ನೀರು ಹನಿಗಟ್ಟಿದರೆ ಪಾತ್ರೆ ತೊಳೆಯುವ ಸೋಪಿನ ದ್ರವ ಕಡ್ಡಿಯ ತುದಿಯಷ್ಟು ಬೆರೆಸಿ, ಮೇಲ್ಮೈ ಎಳೆತ ಇಳಿದು ಬಣ್ಣ ಹರಡಿಕೊಳ್ಳುತ್ತದೆ.

ಸಮತಟ್ಟಾದ ಬೆನ್ನಿನ ಮೇಲೆ ಬಣ್ಣದ ನೀರು ನಿಂತರೆ ಬೇರೊಂದು ತೊಂದರೆ. ಒಣಗಿದ ಮೇಲೆ ಅಂಚಿನಲ್ಲಿ ಉಂಗುರ ಮೂಡುತ್ತದೆ. ಮೇಜಿನ ಮೇಲೆ ಕಾಫಿ ಚೆಲ್ಲಿ ಒಣಗಿದಾಗ ಉಳಿಯುವ ಉಂಗುರವೂ ಇದೇ. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ. ಅಲ್ಲಿ ಆವಿಯಾದ ನೀರನ್ನು ತುಂಬಲು ನಡುವಿನಿಂದ ನೀರು ಹರಿದು, ಕಣಗಳನ್ನೂ ಹೊತ್ತುಕೊಂಡು ಬರುತ್ತದೆ ಎಂದು ಷಿಕಾಗೊ ವಿಶ್ವವಿದ್ಯಾಲಯದ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಒದ್ದೆ ಕುಂಚದ ತುದಿಯಿಂದ ಹೆಚ್ಚಿನ ನೀರನ್ನು ಹೀರಿಕೊಂಡರೆ ಉಂಗುರ ತಪ್ಪುತ್ತದೆ.

ಕುಂಚದ ಬಗ್ಗೆ ಒಂದು ಮಾತು. ದುಬಾರಿ ಆಮದು ಕುಂಚವೇ ಆಗಬೇಕೆಂದಿಲ್ಲ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರದ ನೇರವಾದ ಸಣ್ಣ ಗೆರೆಗಳನ್ನು ಪುಂಡಿನಾರಿನ ಕುಂಚದಿಂದ ಎಳೆಯುತ್ತಾರೆ. ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕೆಮ್ಮಣ್ಣಿನ ಕೆಂಪು, ಗುರಿಗೆಬೀಜದ ಹಳದಿ. ನಾರಿನ ಎಳೆಗಳ ನಡುವೆ ದ್ರವವನ್ನು ಹಿಡಿದಿಡುವುದೂ ತುದಿಯನ್ನು ಚೂಪಾಗಿಸುವುದೂ ಅದೇ ಮೇಲ್ಮೈ ಎಳೆತ.

ಸೈನ್ಯದ ಜೋಡಣೆ

ಬೊಂಬೆಗಳು ಸಿದ್ಧವಾದವು. ಈಗ ನಿಜವಾದ ಇಕ್ಕಟ್ಟು. ಆರಡಿಗೆ ನಾಲ್ಕಡಿ ಮೇಜನ್ನು 1:72ರಂತೆ ಹಿಗ್ಗಿಸಿದರೆ ಸಿಗುವುದು ಸುಮಾರು 130 ಮೀಟರು ಉದ್ದ, 90 ಮೀಟರು ಅಗಲದ ನೆಲ. ಊರಿನ ಆಟದ ಮೈದಾನದಷ್ಟು! ಬಿದನೂರಿನ ಕೋಟೆ ಅದರಲ್ಲಿ ಹಿಡಿಸದು. ಹೀಗಾಗಿ ನೆಲಕ್ಕೆ ಬೇರೆ ಪ್ರಮಾಣ ಬೇಕು. 1:1000 ಎಂದಿಟ್ಟುಕೊಂಡರೆ ಒಂದು ಮಿ.ಮೀ.ಗೆ ಒಂದು ಮೀಟರು.

600 ಜನರ ಪಟಾಲಮ್ಮೊಂದು ಮೂರು ಸಾಲಾಗಿ ನಿಂತಿದೆ ಎನ್ನಿ. ಸಾಲಿಗೆ 200 ಜನ. ಒಬ್ಬನಿಗೆ 60 ಸೆಂ.ಮೀ.ನಂತೆ 120 ಮೀಟರು ಅಗಲ. ಮೇಜಿನ ಮೇಲೆ 12 ಸೆಂ.ಮೀ. ಒಂದು ಬೊಂಬೆ 50 ಸೈನಿಕರಿಗೆ ಸಮ ಎಂದರೆ 12 ಬೊಂಬೆ ಬೇಕು. 2 ಸೆಂ.ಮೀ. ಪೀಠದ ಆರಾರು ಬೊಂಬೆಗಳ ಎರಡು ಸಾಲು ಸರಿಯಾಗಿ 12 ಸೆಂ.ಮೀ. ಆಗುತ್ತದೆ. ಸೈನ್ಯವನ್ನು ಜೋಡಿಸುವುದೆಂದರೆ ಹೀಗೆ ಉದ್ದ, ಸಂಖ್ಯೆ, ಕಾಲ ಈ ಮೂರಕ್ಕೂ ಬೇರೆಬೇರೆ ಪ್ರಮಾಣ ಹಿಡಿದು ಅವುಗಳೊಳಗೆ ಜಗಳ ಬಾರದಂತೆ ನೋಡಿಕೊಳ್ಳುವುದು. ಆದರೂ ಎಡವಟ್ಟುಗಳು ಉಳಿಯುತ್ತವೆ. 5 ಮೀಟರಿನ ಕೋಟೆಗೋಡೆ ನೆಲದ ಪ್ರಮಾಣದಲ್ಲಿ 5 ಮಿ.ಮೀ.; ಬೊಂಬೆಯ ಮೊಣಕಾಲಿಗೂ ಬಾರದು! ಗೋಡೆಯ ಉದ್ದಕ್ಕೆ ನೆಲದ ಪ್ರಮಾಣ, ಎತ್ತರಕ್ಕೆ ಬೊಂಬೆಯ ಪ್ರಮಾಣ ಬಳಸುವುದೇ ರೂಢಿ. ತೀರ್ಥಹಳ್ಳಿಯ ಕವಲೇದುರ್ಗವನ್ನು ಮಾಡ ಹೊರಟರೆ ಗುಡ್ಡದ ಎತ್ತರಕ್ಕೂ ಇದೇ ಉಪಾಯ. ನಗರದ ಬಾವಿಯ ರಾಕೆಟ್ಟು ಬೊಂಬೆಯ ಕೈಯಲ್ಲಿ ಮೂರೂವರೆ ಮಿ.ಮೀ.; ಒಂದು ಕಿ.ಮೀ. ಹಾರಿದರೆ ಮೇಜಿನ ಮೇಲೆ ಒಂದು ಮೀಟರು ಹೋಗಬೇಕು. ನೂರು ಮೀಟರಿನಾಚೆ ಗುರಿ ನೆಚ್ಚಲಾಗದ ಆ ಕಾಲದ ಕೋವಿಗೆ ದೊರೆಯುವುದು ಹತ್ತು ಸೆಂ.ಮೀ. ಮಾತ್ರ. ರಾಕೆಟ್ಟು ಕಂಪನಿ ಪಡೆಗಳಿಗೆ ಏಕೆ ತಲೆನೋವಾಯಿತೆಂದು ವಿದ್ಯಾರ್ಥಿಗೆ ಅಳತೆಪಟ್ಟಿಯೇ ಹೇಳುತ್ತದೆ.

ಅಳತೆಪಟ್ಟಿ ಹೇಳಲಾರದ್ದೂ ಉಂಟು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಹೊಸಂಗಡಿ ಘಾಟಿ ಹತ್ತಿ ಬಂದಾಗ ಬಿದನೂರಿನ ಅಧಿಪತಿ ಅಯಾಜ್ ಕೋಟೆಯನ್ನು ಮುತ್ತಿಗೆಯಿಲ್ಲದೆ ಒಪ್ಪಿಸಿಬಿಟ್ಟ. ಏಪ್ರಿಲಿನಲ್ಲಿ ಟಿಪ್ಪು ಮುತ್ತಿಗೆ ಹಾಕಿ, ತಿಂಗಳ ಕೊನೆಯ ಹೊತ್ತಿಗೆ ಮ್ಯಾಥ್ಯೂಸನನ್ನೇ ಶರಣಾಗಿಸಿದ. ವ್ಯಾಪ್ತಿ ಮತ್ತು ದಾಳದ ಮೇಲಷ್ಟೇ ನಿಂತ ನಿಯಮಗಳಲ್ಲಿ ಆ ಜನವರಿ ಎಂದೂ ಬಾರದು. ಶರಣಾಗತಿಗೂ, ನೀರು-ದವಸ ಮುಗಿಯುವುದಕ್ಕೂ ನಿಯಮ ಬರೆಯಬೇಕು. ಒಂದು ಬೊಂಬೆಯನ್ನು ಮೇಜಿನಿಂದ ಎತ್ತಿದಾಗ 50 ಜನ ಎದ್ದುಹೋದರೆಂಬುದನ್ನು ಆಡುವವರ ಕೈಯಲ್ಲೇ ದಾಖಲೆಪುಸ್ತಕದಲ್ಲಿ ಬರೆಯಿಸಿ. ಪ್ರತಿ ಪೀಠದ ಅಡಿಯಲ್ಲಿ ಪಡೆಯ ಹೆಸರು, ವರ್ಷ, ಉಡುಪಿಗೆ ಆಧಾರವೇನು ಎಂಬುದಿರಲಿ. ಆಧಾರವಿಲ್ಲದೆ ಊಹಿಸಿದ ಬಣ್ಣವಾದರೆ "ಊಹೆ" ಎಂದೇ ಬರೆಯಿರಿ.

ಮಳೆಗಾಲ ಎಂಬ ಶತ್ರು

ಆಗುಂಬೆ, ಹುಲಿಕಲ್ ಸುತ್ತಿನಲ್ಲಿ ಬೊಂಬೆಗಳ ದೊಡ್ಡ ವೈರಿ ತೇವ. ಬಣ್ಣ ಒಣಗುವ ವೇಗ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ಎಷ್ಟು ಕಡಿಮೆಯಿದೆ ಎಂಬುದನ್ನು ಅವಲಂಬಿಸಿದೆ. ಬೇಸಿಗೆಯಲ್ಲಿ ಅದು ಶೇ. 60, ಆಷಾಢದಲ್ಲಿ 95 ಎಂದರೆ ವೇಗ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಣ್ಣದ ಕೆಲಸವನ್ನು ಶಿವರಾತ್ರಿಯ ಆಸುಪಾಸಿಗೆ ಇಟ್ಟುಕೊಳ್ಳುವುದೇ ಲೇಸು.

ಶಾಲೆಗೆ ಯಾರಾದರೂ ಹಳೆಯ ಆಟಿಕೆ ಸೈನಿಕರನ್ನು ಕೊಟ್ಟರೆ ಎಚ್ಚರ. ಹಿಂದಿನ ಎರಕದ ಬೊಂಬೆಗಳು ಬಹುಪಾಲು ಸೀಸದವು. ಮರದ ಪೆಟ್ಟಿಗೆಯಿಂದ ಹೊರಡುವ ಆಮ್ಲದ ಆವಿ, ತೇವ, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸೀಸವನ್ನು ಬಿಳಿಯ ಪುಡಿಯಾಗಿಸುತ್ತವೆ. ಹಿಂದೆ ವಿನೆಗರಿನ ಆವಿಯಲ್ಲಿ ಸೀಸ ಇಟ್ಟು ಬಿಳಿ ಬಣ್ಣ ತಯಾರಿಸುತ್ತಿದ್ದುದೂ ಇದೇ ಕ್ರಿಯೆಯಿಂದ. ಆ ಪುಡಿ ವಿಷ, ಅದರಲ್ಲೂ ಮಕ್ಕಳಿಗೆ. ಅಂಥವನ್ನು ಮುಚ್ಚಿದ ಗಾಜಿನ ಡಬ್ಬಿಯಲ್ಲಿಟ್ಟು ನೋಡಲು ಮಾತ್ರ ಬಳಸಿ. ಶಾಲೆಯಲ್ಲಿ ಸೀಸ ಕರಗಿಸಿ ಎರಕ ಹೊಯ್ಯುವ ಸಾಹಸ ಬೇಡವೇ ಬೇಡ.

ಪ್ಲಾಸ್ಟಿಕ್ ಬೊಂಬೆಗಳಿಗೆ ಕಬ್ಬಿಣದ ಬೀರು ಸಾಕು. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನುಗಳನ್ನು ಬೆಚ್ಚಗಿಡುತ್ತಿದ್ದುದನ್ನು ನೆನಪಿಸಿಕೊಳ್ಳಿ. 22 ಡಿಗ್ರಿಯಲ್ಲಿ ಶೇ. 95 ಆರ್ದ್ರತೆಯ ಗಾಳಿಯನ್ನು 28 ಡಿಗ್ರಿಗೆ ಬೆಚ್ಚಗಾಗಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ, ಆರ್ದ್ರತೆ ಶೇ. 66ಕ್ಕೆ ಇಳಿಯುತ್ತದೆ. ಬೂಷ್ಟು ಬೆಳೆಯಲು ಅಷ್ಟು ತೇವ ಸಾಲದು. ಬೀರುವಿನ ತಳದಲ್ಲಿ ಬೊಂಬೆಗಳಿಗೆ ತಗಲದಂತೆ ಚಿಕ್ಕದೊಂದು ಹಳೆಯ ಮಾದರಿಯ ತಂತುವಿನ ಬಲ್ಬು ಉರಿಯುತ್ತಿದ್ದರೆ ಈ ಕೆಲಸ ಆಗುತ್ತದೆ. ಎಲ್‌ಇಡಿ ಬಲ್ಬು ಹಾಕಬೇಡಿ, ಅದರಿಂದ ಬರುವ ಶಾಖ ಸಾಲದು.