ಅಶ್ವದ ಕಾಲ್ಗಟ್ಟು ಮತ್ತು ಪ್ರಾಚೀನ ಲಕ್ಷಣಗ್ರಂಥಗಳು

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ (ಸುಮಾರು 1129) ವಾಜಿವಾಹ್ಯಾಲೀವಿನೋದವೆಂಬ ಅಧ್ಯಾಯವಿರುವದು. ಪುಲಿಗೆರೆ ಮುನ್ನೂರು, ಎಂದರೆ ಇಂದಿನ ಲಕ್ಷ್ಮೇಶ್ವರದ ಸುತ್ತಣ ಸೀಮೆಯು, ಆತನ ರಾಜ್ಯಕ್ಕೆ ಸೇರಿದ್ದ ನಾಡು. ಕನ್ನಡದಲ್ಲಿ ಅಭಿನವಚಂದ್ರನು ಸುಮಾರು 1400ರಲ್ಲಿ ಅಶ್ವವೈದ್ಯವನ್ನು ರಚಿಸಿದನು. ಅಶ್ವಶಾಸ್ತ್ರಗಳ ಲಕ್ಷಣಭಾಗವನ್ನು ಕಾವ್ಯಾಭ್ಯಾಸಿಗಳು ಬಹುಧಾ ಕವಿಸಮಯವೆಂದೆಣಿಸಿ ದಾಟಿಹೋಗುವರು. ಸುಳಿಗಳ ಶುಭಾಶುಭವನ್ನು ಹಾಗೆ ದಾಟಿದರೆ ನಷ್ಟವಿಲ್ಲ. ಸುಳಿಗೂ ಕುದುರೆಯ ಬಾಳಿಕೆಗೂ ಸಂಬಂಧವಿರದು. ಕಾಲಿನ ಮಾತು ಹಾಗಲ್ಲ.

ಕುದುರೆಗೆ ಕೊರಳೆಲುಬಿಲ್ಲ. ಮುಂಗಾಲುಗಳು ಎದೆಗೂಡಿಗೆ ಕೇವಲ ಮಾಂಸಸ್ನಾಯುಗಳಿಂದ ಬಿಗಿಯಲ್ಪಟ್ಟಿರುತ್ತವೆ. ದೇಹಭಾರದಲ್ಲಿ ನೂರಕ್ಕೆ ಸುಮಾರು 60 ಭಾಗವನ್ನು ಅವೇ ಹೊರುವವು. ಮುಂಗಾಲಿನ ಮೊಣಕಾಲೆಂದು ನಾವು ಕರೆಯುವದು ವಸ್ತುತಃ ಮನುಷ್ಯನ ಮಣಿಕಟ್ಟಿಗೆ ಸಮಾನವಾದ ಸಂಧಿ. ಭುಜಾಗ್ರದಿಂದ ತೂಗುಗುಂಡಿನ ದಾರವನ್ನು ಇಳಿಬಿಟ್ಟರೆ ಅದು ಮೊಣಕಾಲು, ಗೆಣ್ಣು, ಗೊರಸುಗಳನ್ನು ಸರಿಯಾಗಿ ಇಬ್ಭಾಗಿಸಬೇಕು. ದಾರವು ತಪ್ಪಿದಲ್ಲಿ ಭಾರವು ಒಂದೇ ಮಗ್ಗುಲಿಗೆ ಬಿದ್ದು ಆ ಕಡೆಯ ಸಂಧಿಯು ಬೇಗನೆ ಸವೆಯುವದು.

ಗೆಣ್ಣಿನಿಂದ ಗೊರಸಿನವರೆಗಿನ ಇಳಿಜಾರೇ ಇಲ್ಲಿ ಮುಖ್ಯ. ಮುಂಗಾಲಿನಲ್ಲಿ ಅದು ನೆಲದೊಡನೆ ಸುಮಾರು 45ರಿಂದ 55 ಅಂಶಗಳ ಕೋನವನ್ನು ಮಾಡಿದರೆ ಬಿಲ್ಲಿನಂತೆ ಬಾಗಿ ಆಘಾತವನ್ನು ನುಂಗುವದು. ನೆಟ್ಟಗಿದ್ದರೆ ಆಘಾತವೆಲ್ಲ ಎಲುಬಿಗೇ ತಾಕಿ, ನಡೆಯು ಬಿರುಸಾಗಿ, ಕಾಲಾಂತರದಲ್ಲಿ ಎಲುಬು ಗಂಟುಗಟ್ಟಿ ಕುಂಟು ಬರುವ ಸಂಭವವುಂಟು. ತೀರ ಉದ್ದವಾಗಿ ಓರೆಯಾಗಿದ್ದರೆ ಸವಾರನಿಗೆ ಸುಖ, ಕುದುರೆಗೆ ದುಃಖ: ಹಿಂಬದಿಯ ಸ್ನಾಯುರಜ್ಜುಗಳು ಅತಿಯಾಗಿ ಎಳೆಯಲ್ಪಡುವವು. ಮೊಣಕಾಲು ಹಿಂದಕ್ಕೆ ಬಾಗಿದ್ದರೆ ವೇಗದ ಓಟದಲ್ಲಿ ಅದರ ಸಣ್ಣೆಲುಬುಗಳ ಮುಂಭಾಗವು ಜಜ್ಜಿ ಚೂರಾಗುವದುಂಟು. ಮುಂದಕ್ಕೆ ತುಸು ಬಾಗಿರುವದು ಅಷ್ಟು ಕೆಡುಕಲ್ಲ.

ಹಿಂಗಾಲಿನ ಸಂಧಿಯು ಕುಡುಗೋಲಿನಂತೆ ಅತಿಯಾಗಿ ಮಡಿದಿದ್ದರೆ ಆ ಸಂಧಿಯ ಹಿಂಬದಿಯ ಕಟ್ಟು ಬಾತುಕೊಳ್ಳುವ ಸಂಭವ ಹೆಚ್ಚು.

ಗತಿಯೂ ಕಾಲ್ಗಟ್ಟನ್ನೇ ಅನುಸರಿಸುವದು. ಗೊರಸಿನ ತುದಿ ಹೊರಗೆ ತಿರುಗಿದ ಕುದುರೆ ಕಾಲನ್ನು ಒಳಗೆ ಬಳಸಿ ಇಡುತ್ತ ಎದುರು ಕಾಲಿಗೆ ತಾಗಿಸಿಕೊಳ್ಳುವದು. ಒಳಗೆ ತಿರುಗಿದ್ದರೆ ಹೊರಗೆ ಬೀಸಿ ನಡೆಯುವದು. ಈ ದೋಷವು ಕರ್ಣವಾಗಿ ಎರಡೆರಡು ಕಾಲು ಒಟ್ಟಿಗೆ ಏಳುವ ಮಧ್ಯಮ ಓಟದಲ್ಲಿ ಸ್ಫುಟವಾಗಿ ತೋರುವದು. ಅಮರಕೋಶವು ಐದು ಧಾರೆಗಳನ್ನು ಬೇರ್ಪಡಿಸಿ ಹೆಸರಿಸಿದ್ದು ಬರಿಯ ಪದಪ್ರಪಂಚವಲ್ಲವೆಂಬುದು ಇದರಿಂದ ವ್ಯಕ್ತವಾಗದಿರದು.

ನೆಲದ ಗುಣವೂ ಗಣನೀಯ. ಗದಗಿನ ಎರೆಭೂಮಿಯು ಮಳೆಗಾಲದಲ್ಲಿ ಗೊರಸನ್ನು ಹಿಡಿದೆಳೆದು ಸ್ನಾಯುವನ್ನು ದಣಿಸುವದು. ಮುಂಡರಗಿ, ಶಿರಹಟ್ಟಿಗಳ ಕಪ್ಪತಗುಡ್ಡದ ಕಲ್ಲುದಾರಿಯಾದರೋ ನೆಟ್ಟಗಿನ ಗೆಣ್ಣಿಗೆ ಶತ್ರು. ಈ ಸೀಮೆಯ ವೀರಗಲ್ಲುಗಳನ್ನು ಸಾಕ್ಷ್ಯವಾಗಿ ಕರೆಯುವವರು ಒಂದನ್ನು ನೆನೆಯಬೇಕು: ಅಲ್ಲಿ ಕುದುರೆಯು ಸಾಮಾನ್ಯವಾಗಿ ಪಾರ್ಶ್ವದಿಂದಲೇ ಕೆತ್ತಲ್ಪಟ್ಟಿರುವದರಿಂದ ಗೆಣ್ಣಿನ ಇಳಿಜಾರು ಕಾಣಬಹುದೇ ಹೊರತು ಗೊರಸಿನ ಒಳಹೊರ ತಿರುವು ಕಾಣದು.