ಪುಟ್ಟ ಓರ್ಕ್‌ಗೆ ನೆರಳು ಬಳಿಯುವುದೇಕೆ?

ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟವನ್ನು ಹೊರತಂದಿತು. ದಾಳ ಉರುಳಿಸಿ, ಟೇಪಿನಿಂದ ದೂರ ಅಳೆದು, ಮೇಜಿನ ಮೇಲೆ ಗೊಂಬೆಗಳ ಸೈನ್ಯ ನಡೆಸುವ ಆಟವಿದು. ಹಸಿರು ಮೈಯ, ಕೋರೆಹಲ್ಲಿನ ಓರ್ಕ್‌ಗಳು ಅದರಲ್ಲಿನ ಒಂದು ಪಡೆ. ಗೊಂಬೆಗಳಿಗೆ ಬಣ್ಣ ಹಚ್ಚುವುದು ಆಟಗಾರನದೇ ಕೆಲಸ. ನನಗೆ ಆಟಕ್ಕಿಂತ ಅದೇ ಹೆಚ್ಚು ಇಷ್ಟ.

ಗೊಂಬೆಯ ಎತ್ತರ ಸುಮಾರು 3 ಸೆಂ.ಮೀ. ಅದರ ಮುಖದ ಮೇಲೆ ಬೀಳುವ ನೆರಳು ಕೂದಲೆಳೆಯಷ್ಟು. ಮೇಜಿನ ಆಚೆ ಕುಳಿತವರಿಗೆ ಕಾಣದು. ಆದ್ದರಿಂದ ನೆರಳನ್ನೂ ನಾವೇ ಬಳಿಯಬೇಕು.

ಮೊದಲು ಪ್ರೈಮರ್. ಅದು ಒಣಗಿದ ಮೇಲೆ ನೀರು ಬೆರೆಸಿದ ಹಸಿರು ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚುತ್ತೇನೆ. ನಂತರ ‘ವಾಶ್’: ತೀರಾ ತೆಳುವಾದ ಗಾಢ ಬಣ್ಣ ತಾನಾಗಿಯೇ ಹರಿದು ಗುಳಿಗಳಲ್ಲಿ ನಿಲ್ಲುತ್ತದೆ. ಕೊನೆಗೆ ‘ಡ್ರೈ ಬ್ರಶ್’: ತಿಳಿ ಬಣ್ಣದ ಕುಂಚವನ್ನು ಬಟ್ಟೆಗೆ ಒರೆಸಿ ಮೆಲ್ಲಗೆ ಸವರಿದರೆ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಆಗ ಮುಖಕ್ಕೆ ಜೀವ ಬರುತ್ತದೆ.

ಫೋಟೋ ತೆಗೆಯುವಾಗ ತೊಡಕು ಬೇರೆ. ಕ್ಯಾಮೆರಾ ಹತ್ತಿರವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಕೋರೆಹಲ್ಲು ಸ್ಪಷ್ಟವಾದರೆ ಹಿಂದಿನ ಕೊಡಲಿ ಮಸುಕಾಗುತ್ತದೆ. ಕ್ಯಾಮೆರಾ ಇದ್ದವರು ಅಪರ್ಚರನ್ನು ಎಫ್/11ರ ಸುತ್ತ ಇಟ್ಟು ಟ್ರೈಪಾಡ್ ಬಳಸಬಹುದು. ನಾನು ಮೊಬೈಲನ್ನು ಪುಸ್ತಕಗಳಿಗೆ ಒರಗಿಸಿ, ಸ್ವಲ್ಪ ಹಿಂದಿನಿಂದ ತೆಗೆದು, ಬಳಿಕ ಕ್ರಾಪ್ ಮಾಡುತ್ತೇನೆ. ನೇರ ಬಿಸಿಲು ಬೇಡ. ಕಿಟಕಿಯ ಬೆಳಕು, ಹಿಂದೆ ಬೂದು ಕಾಗದ ಸಾಕು.

ಕಣ್ಣಿಗೆ ಕಾಣದೆ ಉಳಿದ ಜಾಗವನ್ನು ಫೋಟೋ ದೊಡ್ಡದು ಮಾಡಿ ತೋರಿಸುತ್ತದೆ. ಹಾಗಾಗಿ ನನಗೆ ಅದು ಪ್ರದರ್ಶನಕ್ಕಿಂತ ಪರೀಕ್ಷೆ. ಎಲೆ, ಕೀಟ, ಚಿಪ್ಪುಗಳ ಫೋಟೋ ತೆಗೆಯುವವರಿಗೂ ಇದೇ ವಿಧಾನ ನೆರವಾದೀತು.