ಅಂಗನವಾಡಿಯೂ ಫ್ಲೂ ಜ್ವರವೂ

ನಮ್ಮ ರಾಜ್ಯದಲ್ಲಿ ಅಂಗನವಾಡಿಗಳು ಆರಂಭವಾದುದು ೧೯೭೫ನೆಯ ಇಸವಿ ಅಕ್ಟೋಬರ್ ೨ರಂದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ೩ರಿಂದ ೬ ವರ್ಷದ ಮಕ್ಕಳು ಅಲ್ಲಿ ಕೂಡಿ ಆಡಿ, ಕೂಡಿ ಹಾಡಿ, ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವರು. ಈ ಸಹವಾಸದಿಂದ ಮಗುವಿಗೆ ಮಾತು ಬರುವುದು, ನಡತೆ ಬರುವುದು. ಮಳೆಗಾಲದಲ್ಲಿಯೂ ಚಳಿಯ ತಿಂಗಳುಗಳಲ್ಲಿಯೂ ಫ್ಲೂ ಜ್ವರವೂ ಬರುವುದು.

ನೆಗಡಿಯೂ ಫ್ಲೂ ಜ್ವರವೂ ಒಂದೇ ಎಂದೆಣಿಸಿ ಉದಾಸೀನರಾಗುವವರು ಅನೇಕರು. ನೆಗಡಿ ಮೆಲ್ಲಮೆಲ್ಲನೆ ಬರುವುದು. ಫ್ಲೂ ಜ್ವರವಾದರೋ ಹಠಾತ್ತಾಗಿ ಏರಿ, ಮೈಕೈ ನೋವನ್ನೂ ಕೆಮ್ಮನ್ನೂ ಬಳಲಿಕೆಯನ್ನೂ ತರುವುದು. ೫ ವರ್ಷದೊಳಗಿನ ಮಕ್ಕಳಲ್ಲಿ, ವಿಶೇಷವಾಗಿ ೨ ವರ್ಷದೊಳಗಿನವರಲ್ಲಿ, ಅದು ನ್ಯುಮೋನಿಯಾಕ್ಕೆ ತಿರುಗುವ ಭಯವುಂಟು. ಅಂಗನವಾಡಿಗೆ ಗರ್ಭಿಣಿಯರೂ ಹಸುಗೂಸುಗಳನ್ನೆತ್ತಿಕೊಂಡ ತಾಯಂದಿರೂ ಬರುತ್ತಾರಷ್ಟೆ. ಗರ್ಭಿಣಿಗೂ ಹಸುಗೂಸಿಗೂ ಇದು ಅಪಾಯಕರವಾದ ವ್ಯಾಧಿ.

ಜ್ವರವೇ ಮೊದಲಾದ ಕೆಲವು ರೋಗಗಳು ಉಸಿರು, ಸ್ಪರ್ಶ, ಸಹಭೋಜನ ಇವುಗಳ ಮೂಲಕ ಒಬ್ಬರಿಂದೊಬ್ಬರಿಗೆ ಹರಡುವುವೆಂಬ ವಿಚಾರ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿಯೇ ಬಂದಿದೆ. ಮನುಷ್ಯರ ಫ್ಲೂ ವೈರಾಣುವನ್ನು ೧೯೩೩ರಲ್ಲಿ ಲಂಡನ್ನಿನ ವಿಜ್ಞಾನಿಗಳು ಪ್ರತ್ಯೇಕಿಸಿ ತೋರಿಸಿದರು. ಕೆಮ್ಮಿದಾಗಲೂ ಸೀನಿದಾಗಲೂ ಹಾರುವ ಸೂಕ್ಷ್ಮವಾದ ಹನಿಗಳಲ್ಲಿ ಅದು ಇರುವುದು. ಮೂಗನ್ನೊರಸಿದ ಕೈಯಿಂದ ಆಟದ ಸಾಮಾನಿಗೂ, ಅಲ್ಲಿಂದ ಇನ್ನೊಂದು ಮಗುವಿನ ಕೈಗೂ ಬಾಯಿಗೂ ಸಾಗುವುದು.

ಇದನ್ನು ತಡೆಯಲು ಅಂಗನವಾಡಿಯಲ್ಲಿ ಆಚರಿಸತಕ್ಕ ನಿಯಮಗಳು ಸುಲಭವಾದುವು. ಮಳೆಯ ಎರಚಲಿಗೆ ಅಂಜಿ ಕಿಟಕಿಗಳನ್ನೆಲ್ಲ ಮುಚ್ಚದೆ, ಗಾಳಿಯಾಡುವಂತೆ ಕೆಲವನ್ನಾದರೂ ತೆರೆದಿಡಬೇಕು. ಊಟಕ್ಕೆ ಮೊದಲೂ ಮೂಗೊರಸಿದ ಮೇಲೂ ಸಾಬೂನಿನಿಂದ ೨೦ ಸೆಕೆಂಡುಗಳ ಕಾಲ ಕೈ ತೊಳೆಸಬೇಕು. ಒಂದು ಚಿಕ್ಕ ಹಾಡನ್ನು ಹೇಳಿಸಿದರೆ ಅಷ್ಟು ಹೊತ್ತು ಕಳೆಯುವುದು. ಎಲ್ಲರ ಕೈಯನ್ನೂ ಒಂದೇ ಬೋಗುಣಿಯಲ್ಲಿ ಅದ್ದಿಸದೆ ಚೊಂಬಿನಿಂದ ನೀರೆರೆಯಬೇಕು. ಲೋಟವೂ ಕೈವಸ್ತ್ರವೂ ಒಬ್ಬೊಬ್ಬರಿಗೆ ಬೇರೆಯಾಗಿರಬೇಕು. ಆಟದ ಸಾಮಾನುಗಳನ್ನು ಸಾಬೂನು ನೀರಿನಿಂದ ತೊಳೆಯಬೇಕು. ಕೆಮ್ಮುವಾಗ ಮೊಣಕೈಯ ಮಡಿಕೆಯನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ಆಟದಂತೆ ಕಲಿಸಬಹುದು. ರೋಗಲಕ್ಷಣ ತೋರುವುದಕ್ಕೆ ಒಂದು ದಿನ ಮೊದಲೇ ಸೋಂಕು ಹರಡಬಲ್ಲುದಾದ ಕಾರಣ, ಈ ನಿಯಮಗಳು ನಿತ್ಯವೂ ನಡೆಯತಕ್ಕವು.

೬ ತಿಂಗಳು ತುಂಬಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯುಂಟು. ಗರ್ಭಿಣಿಗೆ ಹಾಕಿಸಿದ ಲಸಿಕೆ ಹುಟ್ಟುವ ಶಿಶುವನ್ನೂ ಕೆಲವು ತಿಂಗಳು ಕಾಯುವುದು. ಈ ವಿಷಯದಲ್ಲಿ ವೈದ್ಯರನ್ನು ವಿಚಾರಿಸಿ ನಡೆಯುವುದು ಲೇಸು. ಜ್ವರದ ಮಗುವಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಕೂಡದು. ಉಸಿರು ವೇಗವಾದರೆ, ತುಟಿ ನೀಲಿಯಾದರೆ, ಮಗು ನೀರನ್ನೂ ಕುಡಿಯದೆ ಮಂಕಾದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಜ್ವರದ ಮಗು ಮನೆಯಲ್ಲಿರಬೇಕು. ಔಷಧದ ಸಹಾಯವಿಲ್ಲದೆ ಜ್ವರ ಬಿಟ್ಟು ೨೪ ಗಂಟೆಗಳು ಕಳೆಯುವವರೆಗೆ ಅದನ್ನು ಅಂಗನವಾಡಿಗೆ ಕಳುಹಿಸಕೂಡದು. ಬೆಳಗ್ಗೆ ಒಂದು ಚಮಚ ಔಷಧ ಕುಡಿಸಿ ಕಳುಹಿಸಿದರೆ ಮೈಯ ಕಾವು ಇಳಿಯುವುದೇ ಹೊರತು ಸೋಂಕು ಇಳಿಯದು. ಬಳಲಿದ ಮಗುವನ್ನು ಹೊರಗೆ ಕಳುಹಿಸಲು ಯಾವ ತಾಯಿಗೆ ತಾನೆ ಮನಸ್ಸು ಬಂದೀತು? ಆದರೂ ಕಳುಹಿಸುವಳು, ಏಕೆಂದರೆ ಮನೆಯಲ್ಲಿ ನಿಂತರೆ ಆ ದಿನದ ಕೂಲಿ ಹೋಗುವುದು. ತಂದೆಯಾದವನು ಸರದಿಯಂತೆ ಒಂದು ದಿನ ನಿಂತರೆ ಆಕೆಯ ಭಾರ ಅಷ್ಟು ಇಳಿಯುವುದು.

ವಾಚಕ ಮಹಾಶಯರೇ, ನಮಗೂ ಇದರಲ್ಲಿ ಒಂದು ಕರ್ತವ್ಯವುಂಟು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆ "ಕೂಸಿಗೆ ಜ್ವರ" ಎಂದಾಗ, ಸಂಬಳ ಹಿಡಿಯದೆ ಎರಡು ಮೂರು ದಿನ ಬಿಡುವು ಕೊಡಿ. ಅದನ್ನು ದಾನವೆಂದು ಎಣಿಸಬೇಡಿ. ಊರಿನ ಎಷ್ಟೋ ಮನೆಗಳಿಗೆ ಹೋಗಬಹುದಾದ ಜ್ವರವನ್ನು ಮೊದಲನೆಯ ಮನೆಯಲ್ಲಿಯೇ ತಡೆಯುವ ಉಪಾಯ ಅದು. ಆ ಮನೆಗಳಲ್ಲಿ ನಮ್ಮದೂ ಒಂದಾಗಿರಬಹುದು.